ಹಳೆ ವಿಮಾನ ಕೊಳ್ಳುವ ಮುನ್ನ ಹೊಲ ನೋಡಿ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಚೀಲ ಹೊತ್ತು ಹೊರಟು, ಅಹಮದಾಬಾದಿನ ಮೇಲೆ ಮುಂಬಯಿಯ ಜುಹುವಿಗೆ ಬಂದಿಳಿದರು. ಇಷ್ಟು ಎಲ್ಲರಿಗೂ ಗೊತ್ತು. ಆ ಟಪಾಲಿನ ಮುಂದಿನ ದಾರಿ ಮಾತ್ರ ನಮ್ಮ ಬಳ್ಳಾರಿ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಜುಹುವಿನಲ್ಲಿ ಚೀಲ ತೆಗೆದುಕೊಂಡವರು ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಅವರು ಮದ್ರಾಸಿಗೆ ಹೋದದ್ದು ಬಳ್ಳಾರಿಯಲ್ಲಿ ಇಳಿದು. ಮುಂದೆ ಆ ಮಾರ್ಗ ಹೈದರಾಬಾದಿನ ಕಡೆ ತಿರುಗಿತು, ನಮ್ಮೂರಿನ ಹೆಸರು ವೇಳಾಪಟ್ಟಿಯಿಂದ ಹೋಯಿತು. ಆದರೂ ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿ ಬಳ್ಳಾರಿ ಇದೆ.

ಆ ವಿಮಾನದ ಹೆಸರು ಪುಸ್ ಮಾತ್. ಒಂದೇ ಎಂಜಿನ್, 120 ಅಶ್ವಶಕ್ತಿ, ರೆಕ್ಕೆ ಮೇಲ್ಗಡೆ, ಮೂತಿ ಎತ್ತಿ ಬಾಲ ಊರಿ ನಿಲ್ಲುವ ಮಾದರಿ, ಮೈಗೆ ಬಟ್ಟೆಯ ಹೊದಿಕೆ. ಡಾಂಬರು ಕಾಣದ ಬಯಲಿನಲ್ಲಿ ಇಳಿದು ಏರಬಲ್ಲ ಸಣ್ಣ ವಿಮಾನ. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ ತುಂಬಿಕೊಂಡು. ಅಲಾಸ್ಕಾದಲ್ಲಿ, ಅಮೆರಿಕದ ಇಡಾಹೋ ಬೆಟ್ಟಗಳಲ್ಲಿ ಇಂದು ಹವ್ಯಾಸಿಗಳು ನದಿಯ ಮರಳದಿಣ್ಣೆಗೂ ಹುಲ್ಲುಗಾವಲಿಗೂ ವಿಮಾನ ಇಳಿಸುತ್ತಾರಲ್ಲ, ಆ ಕೆಲಸವನ್ನು ಬಳ್ಳಾರಿಯ ಬಯಲು 90 ವರ್ಷಗಳ ಹಿಂದೆಯೇ ನೋಡಿದೆ.

ಅಲಾಸ್ಕಾದ ಅಂಥ ಹಾರಾಟದ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ ಹುಡುಗರು ಈಗ ಕೇಳುವುದುಂಟು: ‘ಒಂದು ಹಳೆ ಸೆಸ್ನಾ ವಿಮಾನ ತಂದರೆ ಸಿರುಗುಪ್ಪದ ಕಡೆ ಎಲ್ಲಾದರೂ ಇಳಿಸಬಹುದಾ ಸಾರ್?’ ಕೇಳುವವರಲ್ಲಿ ಅಕ್ಕಿ ಗಿರಣಿಯ ಮನೆತನದವರೂ ಇದ್ದಾರೆ, ಎಂಜಿನಿಯರಿಂಗ್ ಓದುವವರೂ ಇದ್ದಾರೆ. ಗಣಿ ದುಡ್ಡಿನ ಕಾಲದಲ್ಲಿ ತಲೆ ಮೇಲೆ ಹೆಲಿಕಾಪ್ಟರ್ ಓಡಾಡಿದ ಊರಿನಲ್ಲಿ ಇಂಥ ಪ್ರಶ್ನೆಗೆ ಯಾರೂ ನಗುವುದಿಲ್ಲ. ನಾನೂ ನಗುವುದಿಲ್ಲ. ಆದರೆ ನನ್ನ ಉತ್ತರ ವಿಮಾನದಿಂದ ಶುರುವಾಗುವುದಿಲ್ಲ, ಹೊಲದಿಂದ ಶುರುವಾಗುತ್ತದೆ.

ಮೊದಲು ಬಿಸಿಲು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. ಕಾದ ಗಾಳಿ ತೆಳು ಗಾಳಿ. ರೆಕ್ಕೆಗೆ ಎತ್ತಿ ಹಿಡಿಯಲು ಬೇಕಾದದ್ದೂ ಎಂಜಿನ್ ಉಸಿರಾಡುವುದೂ ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದೂ ಅದೇ ಗಾಳಿ. ಹಾಗಾಗಿ ಪೈಲಟ್‌ಗಳು ಊರಿನ ಎತ್ತರದ ಜೊತೆ ಅಂದಿನ ಬಿಸಿಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. 1,600 ಅಡಿಯಲ್ಲಿ ಇರಬೇಕಾದ ಪ್ರಮಾಣಿತ ತಾಪ 12 ಡಿಗ್ರಿ. ಅದಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೆ 120 ಅಡಿ ಕೂಡಿಸಬೇಕು. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಮುಟ್ಟಿತೆಂದರೆ ಲೆಕ್ಕ ಸುಮಾರು 5,000 ಅಡಿಗೆ ಬಂದು ನಿಲ್ಲುತ್ತದೆ. ನಾವು ಕೌಲ್ ಬಜಾರಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುವಾಗ ವಿಮಾನದ ಪಾಲಿಗೆ ಬಳ್ಳಾರಿ ಕೆಮ್ಮಣ್ಣುಗುಂಡಿಗಿಂತಲೂ ಎತ್ತರದ ಊರು. ಟರ್ಬೋ ಇಲ್ಲದ ಎಂಜಿನ್ ಅಲ್ಲಿ ಶೇ. 15ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನೆಲ ಬಿಡಲು ಬೇಕಾದ ಓಟ ಒಂದೂವರೆ ಪಟ್ಟು ಆಗುತ್ತದೆ. ಅದೇ ಏಪ್ರಿಲ್ ತಿಂಗಳಲ್ಲೇ ಬೆಳಗಿನ ಆರಕ್ಕೆ 27 ಡಿಗ್ರಿ ಇದ್ದರೆ ಲೆಕ್ಕ 3,400 ಅಡಿಗೆ ಇಳಿಯುತ್ತದೆ. ಅಂದರೆ ಇಲ್ಲಿ ಸಣ್ಣ ವಿಮಾನ ಹಾರಿಸುವವರು ಹೊಲಕ್ಕೆ ಹೋಗುವ ರೈತರ ಹೊತ್ತಿಗೇ ಏಳಬೇಕು.

ಈ ಲೆಕ್ಕ ಹಿಡಿದು ನೋಡಿದರೆ ಮಾರುಕಟ್ಟೆಯ ಅರ್ಧ ವಿಮಾನಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಫ್ಲೈಯಿಂಗ್ ಸ್ಕೂಲುಗಳಲ್ಲಿ ದುಡಿದು ಹಣ್ಣಾಗಿ ಮಾರಾಟಕ್ಕೆ ಬರುವ ಸೆಸ್ನಾ 152 ನೋಡಲು ಮುದ್ದಾಗಿದೆ, ಬೆಲೆಯೂ ಕಡಿಮೆ. ಅದರ ಎಂಜಿನ್ 110 ಅಶ್ವಶಕ್ತಿ. ಟ್ಯಾಂಕು ತುಂಬಿಸಿ, ಊಟ ಚೆನ್ನಾಗಿ ಮಾಡುವ ಇಬ್ಬರು ಕೂತರೆ ಅನುಮತಿಸಿದ ತೂಕ ಮುಗಿಯಿತು, ಟಿಫಿನ್ ಕ್ಯಾರಿಯರಿಗೆ ಜಾಗವಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯ ಡಾಂಬರಿನಲ್ಲಿ ಅದು ಸಾಕು. ಮಧ್ಯಾಹ್ನದ ಬಳ್ಳಾರಿಯ ಮಣ್ಣಿನಲ್ಲಿ, ಎದುರಿಗೆ ಮರವೋ ವೈರೋ ಇರುವಾಗ ಸಾಲದು.

ಇನ್ನು ಮಣ್ಣು. ಈ ಮಾತು ಸಿರುಗುಪ್ಪ, ಕುರುಗೋಡಿನವರಿಗೆ ನಾನು ಹೇಳಿಕೊಡುವಂಥದ್ದೇನಲ್ಲ. ನಮ್ಮ ಎರೆ ಭೂಮಿ ಮಳೆ ಬಿದ್ದರೆ ಚಪ್ಪಲಿಯನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲಕ್ಕೆ ಬಿರಿಯುತ್ತದೆ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಕಡೆ ಭತ್ತದ ಗದ್ದೆ, ಗದ್ದೆಗೊಂದು ಬದು. ಮೇಲಿನಿಂದ ನೋಡಿದರೆ ಮೇಜಿನ ಹಾಗೆ ಸಮತಟ್ಟು, ಚಕ್ರ ಊರಿದರೆ ಹತ್ತು ಮಾರಿಗೊಂದು ಅಡ್ಡಗಟ್ಟೆ. ಇದ್ದುದರಲ್ಲಿ ಮಸಾರಿ ನೆಲ ವಾಸಿ. ನೀರು ಬಸಿದು ಹೋಗುತ್ತದೆ, ಬೇಗ ಗಟ್ಟಿಯಾಗುತ್ತದೆ, ರೋಲರ್ ಹೊಡೆದರೆ ಪಟ್ಟಿಯಂತೆ ನಿಲ್ಲುತ್ತದೆ. ಕುರುಗೋಡಿನ ಕಡೆ ಅಂಥ ನೆಲ ಸಿಕ್ಕರೂ ಪಕ್ಕದಲ್ಲೇ ಕಲ್ಲುಗುಡ್ಡಗಳಿವೆ. ಗಾಳಿ ಜೋರಾದಾಗ ಗುಡ್ಡದ ಮರೆಯಲ್ಲಿ ಅದು ಸುರುಳಿ ಸುತ್ತಿ ಕೆಳಕ್ಕೆ ಒತ್ತುತ್ತದೆ. ಟಾಟಾ ಅವರ ವಿಮಾನಗಳೂ ಮಳೆಗಾಲ ಬಂತೆಂದರೆ ಜುಹುವಿನ ಕೆಸರು ಬಿಟ್ಟು ಪುಣೆಗೆ ಹೋಗುತ್ತಿದ್ದವು. ನೆಲ ಒಲ್ಲೆ ಎಂದರೆ ಮಾಲೀಕ ಯಾರಾದರೂ ಅಷ್ಟೇ.

ಮಣ್ಣಿನ ಪ್ರಶ್ನೆಯೇ ಗಾಲಿಯ ಪ್ರಶ್ನೆ. ಇಂದಿನ ಬಹುಪಾಲು ಸಣ್ಣ ವಿಮಾನಗಳಿಗೆ ಮೂತಿಯ ಕೆಳಗೊಂದು ಸಣ್ಣ ಗಾಲಿ ಇರುತ್ತದೆ. ನಡೆಸಲು ಸುಲಭ, ಕಲಿಯಲು ಸುಲಭ. ಆದರೆ ಆ ಗಾಲಿ ಎರೆಯ ಬಿರುಕಿಗೆ ಸಿಕ್ಕಿತೆಂದರೆ ಮೂತಿ ಬಗ್ಗಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಹೋಗುವುದು ಬರೀ ಪಂಖವಲ್ಲ, ಒಳಗಿನ ಕ್ರ್ಯಾಂಕ್‌ಶಾಫ್ಟ್‌ಗೂ ಪೆಟ್ಟು ಬಿದ್ದಿದೆಯೇ ಎಂದು ಇಡೀ ಎಂಜಿನ್ ಬಿಚ್ಚಬೇಕು. ಬಾಲ ಊರಿ ನಿಲ್ಲುವ ಟೇಲ್‌ವೀಲ್ ವಿಮಾನಗಳಲ್ಲಿ ಮುಂದಿನ ಎರಡು ಗಾಲಿ ದೊಡ್ಡವು, ಪ್ರೊಪೆಲ್ಲರ್ ಎತ್ತರದಲ್ಲಿರುತ್ತದೆ. ಒರಟು ನೆಲಕ್ಕೆ ಹೇಳಿ ಮಾಡಿಸಿದ್ದು. 1949ರಲ್ಲಿ ಬಂದ ಪೈಪರ್ ಸೂಪರ್ ಕಬ್, 1953ರ ಸೆಸ್ನಾ 180, ಕೆನಡಾದ ಬೀವರ್ ಎಲ್ಲ ಇದೇ ಕುಲದವು. ಇದರ ಬೆಲೆಯನ್ನು ಅಡ್ಡಗಾಳಿಯಲ್ಲಿ ತೆರಬೇಕು. ಪೆಡಲ್ ಮೇಲಿನ ಕಾಲು ತುಸು ಸೋಮಾರಿಯಾದರೆ ಬಾಲ ಮುಂದಕ್ಕೆ ಬಂದು ವಿಮಾನ ಗಿರ್ರನೆ ತಿರುಗಿ ರೆಕ್ಕೆ ಉಜ್ಜುತ್ತದೆ. ನಮ್ಮ ಆಷಾಢದ ಪಡುವಣ ಗಾಳಿಗೆ ಪಟ್ಟಿ ಉತ್ತರ-ದಕ್ಷಿಣವಾಗಿದ್ದರೆ ದಿನವೂ ಇದೇ ಪರೀಕ್ಷೆ.

ಇಲ್ಲಿ ನಮ್ಮದೇ ಒಂದು ವಿಮಾನವನ್ನು ನೆನೆಯಬೇಕು. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್. ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆ ಮೇಲಿರುವ, ಟೇಲ್‌ವೀಲ್ ವಿಮಾನ. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಟ್ಟೆಯ ಮೈ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಇದರಲ್ಲೇ ಹಾರಲು ಕಲಿತಿತು. ಭಾರತದಲ್ಲಿ ಹುಟ್ಟಿದ ವಿಮಾನಗಳಲ್ಲಿ ಹೊಲಕ್ಕೆ ಇಳಿಯುವ ಗುಣ ಇದರಷ್ಟು ಯಾವುದಕ್ಕೂ ಇಲ್ಲ ಎಂಬುದು ನನ್ನ ಪಕ್ಷಪಾತ. ಆದರೆ ನಮ್ಮ ಬೇಸಿಗೆಯಲ್ಲಿ ಆ 90ರಲ್ಲಿ ಉಳಿಯುವುದು 76. ಡಿಸೆಂಬರಿನ ಬೆಳಗ್ಗೆ ಒಬ್ಬರೇ ಹಾರಲು ಪುಷ್ಪಕ್ ಚಂದ, ಏಪ್ರಿಲಿನಲ್ಲಿ ಭಾವಮೈದುನನನ್ನು ಕೂರಿಸಿಕೊಳ್ಳಲು ಅಲ್ಲ. ಬಟ್ಟೆಯ ಮೈಗೆ ಬಳ್ಳಾರಿ ಬಿಸಿಲು ಶತ್ರು. ಹ್ಯಾಂಗರ್ ಇಲ್ಲದೆ ನಿಲ್ಲಿಸಿದ ಬಟ್ಟೆ ವಿಮಾನವನ್ನು ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳಬಾರದು. ಹೊದಿಕೆ ಪೂರ್ತಿ ಬದಲಿಸುವ ಕೂಲಿ ವಿಮಾನದ ಬೆಲೆಯನ್ನೇ ನುಂಗುತ್ತದೆ.

ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ (ಎನ್‌ಎಎಲ್) ಹಂಸ ಕೂಡ ಬೆಂಗಳೂರಿನ ಕೂಸೇ, 1993ರಲ್ಲಿ ಮೊದಲು ಹಾರಿತು. ಕಾಂಪೊಸಿಟ್ ಮೈ, ತಗ್ಗಿನ ರೆಕ್ಕೆ, ಮೂತಿ ಗಾಲಿ. ತರಬೇತಿಗೆ ಮಾಡಿದ್ದು, ಬದುವಿಗಲ್ಲ. ಕಾಂಪೊಸಿಟ್ ವಿಮಾನಗಳಿಗೆ ಬಿಳಿ ಬಣ್ಣ ಹೊಡೆಯುವುದು ಅಂದಕ್ಕೆ ಎಂದುಕೊಂಡವರಿದ್ದಾರೆ. ಬಿಸಿಲಿಗೆ ಮೈ ಕಾದು ಒಳಗಿನ ರಾಳ ಮೆತ್ತಗಾಗದಿರಲಿ ಎಂದು ಅದು. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನವರ ಎಕ್ಸ್-ಏರ್ ಹೊರದೇಶಗಳಿಗೂ ಹೋದ ಹಗುರ ವಿಮಾನ. ಕೊಳವೆ, ಬಟ್ಟೆ, ಸಣ್ಣ ಎಂಜಿನ್. ತಂಪು ಹೊತ್ತಿನ ಆಟಕ್ಕೆ ಸರಿ.

ಈಗ ಕಾಗದಪತ್ರ. ಸಿರುಗುಪ್ಪದಲ್ಲಿ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಅವರ್ ಮೀಟರ್ ನೋಡುತ್ತಾರೆ, ಕಡಿಮೆ ಓಡಿದ್ದರೆ ಖುಷಿಪಡುತ್ತಾರೆ. ವಿಮಾನದಲ್ಲಿ ಆ ಖುಷಿ ಮೋಸ ಮಾಡುತ್ತದೆ. ಲೈಕಮಿಂಗ್‌ನ ಸಾಮಾನ್ಯ ಎಂಜಿನ್‌ಗಳಿಗೆ ತಯಾರಕರು ಹೇಳುವ ಓವರ್‌ಹಾಲ್ ಗಡುವು 2,000 ಗಂಟೆ, ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. ಮಾರುವವರು ಗಂಟೆಯನ್ನು ದೊಡ್ಡಕ್ಷರದಲ್ಲಿ ಹೇಳುತ್ತಾರೆ, ವರ್ಷವನ್ನು ಹೇಳುವುದಿಲ್ಲ. ‘ಓವರ್‌ಹಾಲ್ ಆದ ಮೇಲೆ ಬರೀ 400 ಗಂಟೆ’ ಎಂದರೆ ಕೇಳಬೇಕಾದದ್ದು, ಓವರ್‌ಹಾಲ್ ಯಾವ ಇಸವಿಯಲ್ಲಾಯಿತು? ಇಪ್ಪತ್ತು ವರ್ಷದಲ್ಲಿ 400 ಗಂಟೆ ಹಾರಿದೆಯೆಂದರೆ ಉಳಿದ ಕಾಲವೆಲ್ಲ ಅದು ನಿಂತೇ ಇತ್ತು. ನಿಂತ ಎಂಜಿನ್‌ನಲ್ಲಿ ಎಣ್ಣೆ ಕೆಳಗಿಳಿದು ಕ್ಯಾಮ್‌ಶಾಫ್ಟ್ ಒಣಗುತ್ತದೆ, ತುಕ್ಕಿನ ಚುಕ್ಕಿ ಬೀಳುತ್ತದೆ. ಮತ್ತೆ ಓಡಿಸಿದಾಗ ಆ ಚುಕ್ಕಿ ಲೋಹ ಕೆರೆಯುತ್ತದೆ. ವಾರಕ್ಕೆ ಎರಡು ದಿನ ಹಾರುತ್ತ 1,400 ಗಂಟೆ ಕಂಡ ಎಂಜಿನ್ ಇದಕ್ಕಿಂತ ಎಷ್ಟೋ ಮೇಲು.

ನೋಡುವ ಕ್ರಮ ಹೀಗಿರಲಿ. ಲಾಗ್‌ಬುಕ್ ಮೊದಲ ದಿನದಿಂದ ಇದೆಯೇ, ನಡುವೆ ತಿಂಗಳುಗಟ್ಟಲೆ ಖಾಲಿ ಬಿಟ್ಟಿದೆಯೇ? ಖಾಲಿ ಬಿಟ್ಟಿದ್ದರೆ ಅಲ್ಲೊಂದು ಪೆಟ್ಟು ಅಡಗಿರಬಹುದು. ಎಂಜಿನ್‌ನ ಪ್ರತಿ ಸಿಲಿಂಡರಿಗೂ 80 ಪಿಎಸ್‌ಐ ಒತ್ತಡ ಕೊಟ್ಟು ಎಷ್ಟು ಹಿಡಿದಿಡುತ್ತದೆ ಎಂದು ನೋಡುವ ಪರೀಕ್ಷೆಯುಂಟು. ಎಲ್ಲವೂ 70ರ ಮೇಲೆ ನಿಂತರೆ ನೆಮ್ಮದಿ. ಮೂರು ಚೆನ್ನಾಗಿದ್ದು ಒಂದು ಜಾರಿದ್ದರೆ ಆ ಒಂದರ ಒಳಗೆ ಕ್ಯಾಮೆರಾ ಇಳಿಸಿ ನೋಡಬೇಕು. ಎಣ್ಣೆ ಫಿಲ್ಟರ್ ಕತ್ತರಿಸಿ ಬಿಡಿಸಿದರೆ ಲೋಹದ ಚೂರು ಹೊಳೆಯುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಸೆಸ್ನಾ 172 ಆದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ ಸುಕ್ಕುಗಟ್ಟಿದೆಯೇ ನೋಡಿ. ಸುಕ್ಕಿದ್ದರೆ ಯಾರೋ ಅದನ್ನು ಮೂತಿ ಗಾಲಿಯ ಮೇಲೆ ಕುಕ್ಕಿದ್ದಾರೆ. ಹಳೆ ಸೆಸ್ನಾಗಳ ಸೀಟು ಸರಿಯುವ ಹಳಿ ಸವೆದು, ಏರುವಾಗ ಪೈಲಟ್ ಸೀಟು ಸಮೇತ ಹಿಂದಕ್ಕೆ ಜಾರಿದ ಅಪಘಾತಗಳಾಗಿವೆ. ಅದಕ್ಕೆ ಕಡ್ಡಾಯ ತಪಾಸಣೆಯ ಆದೇಶವಿದೆ. ಸೂಪರ್ ಕಬ್‌ನಂಥ ಉಕ್ಕಿನ ಕೊಳವೆಯ ವಿಮಾನವಾದರೆ ಬಾಲದ ಕಡೆ ನೀರು ನಿಲ್ಲುವ ಕೆಳಗಿನ ಕೊಳವೆಗಳ ತುಕ್ಕು ನೋಡಬೇಕು.

ಈ ಕಡ್ಡಾಯ ಆದೇಶಗಳನ್ನು ತಾತ್ಸಾರ ಮಾಡುವವರಿಗೆ ಮತ್ತೆ ಪುಸ್ ಮಾತ್ ಕತೆ ಹೇಳುತ್ತೇನೆ. 1930ರಿಂದ ಕೆಲವೇ ವರ್ಷಗಳಲ್ಲಿ ಹಲವು ಪುಸ್ ಮಾತ್‌ಗಳು ಆಕಾಶದಲ್ಲೇ ರೆಕ್ಕೆ ಮುರಿದು ಬಿದ್ದವು. ಪರೀಕ್ಷೆ ನಡೆದು ರೆಕ್ಕೆಯ ಆಸರೆಗೆ ಇನ್ನೊಂದು ಸಣ್ಣ ಆಸರೆ ಕೊಟ್ಟ ಮೇಲೆ ಕಾಟ ನಿಂತಿತು. ಪ್ರತಿ ಮಾದರಿಗೂ ಇಂಥದ್ದೊಂದು ಹುಟ್ಟುದೋಷ ಇರುತ್ತದೆ. ನೀವು ನೋಡುತ್ತಿರುವ ಬಿಡಿ ವಿಮಾನದಲ್ಲಿ ಅದನ್ನು ಸರಿಪಡಿಸಿದ ದಾಖಲೆ ಇದೆಯೇ ಎಂಬುದೇ ಪ್ರಶ್ನೆ.

ನಮ್ಮ ಕಡೆಯವೇ ಆದ ಇನ್ನೆರಡು ಉಪದ್ರವಗಳಿವೆ. ಒಂದು, ಧೂಳು. ಅದಿರು ಲಾರಿಗಳು ಓಡಾಡುವ ದಾರಿಯ ಕೆಂಪು ಧೂಳು ಎಂಜಿನ್ ಒಳಹೊಕ್ಕರೆ ಸಾಣೆ ಹಿಡಿದಂತೆ ಸವೆಸುತ್ತದೆ. ಕಾರ್ಬ್ಯುರೇಟರ್ ಹೀಟ್ ಎಳೆದಾಗ ಗಾಳಿ ಫಿಲ್ಟರ್ ತಪ್ಪಿಸಿಕೊಂಡು ನೇರ ಒಳಹೋಗುತ್ತದೆಂಬುದು ಎಷ್ಟೋ ಜನಕ್ಕೆ ತಿಳಿಯದು. ಧೂಳಿನ ನೆಲದ ಮೇಲೆ ಅದನ್ನು ಎಳೆಯುವುದು ಅಗತ್ಯಕ್ಕೆ ಮಾತ್ರ ಇರಲಿ. ಇನ್ನೊಂದು, ಮಣ್ಣಿನ ಗೂಡು ಕಟ್ಟುವ ಕಣಜ. ವೇಗ ತಿಳಿಸುವ ಪಿಟೋ ಕೊಳವೆಯ ತೂತು ಅದಕ್ಕೆ ತಕ್ಕ ಅಳತೆಯದು. ಮುಚ್ಚಳ ಹಾಕದೆ ಬಿಟ್ಟರೆ ಒಳಗೆ ಗೂಡು, ಹಾರಿದ ಮೇಲೆ ವೇಗದ ಮುಳ್ಳು ಸುಳ್ಳು.

ಇಂಧನದ ತಂಟೆ ಬೇರೆ. ಹಳೆ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳಿಗೆ ಅವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲು ಬೇಕು. ಜೆಟ್ ವಿಮಾನಕ್ಕೆ ತುಂಬುವುದು ಸೀಮೆಎಣ್ಣೆಯ ಜಾತಿಯದು, ಇದಕ್ಕೆ ಆಗದು. ಇಂಡಿಯನ್ ಆಯಿಲ್ ಅವ್‌ಗ್ಯಾಸನ್ನು ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದದ್ದು 2022ರಲ್ಲಿ. ಅದಕ್ಕೂ ಮೊದಲು ಆಮದೇ ಗತಿ. ಈಗಲೂ ಎಲ್ಲ ಊರಲ್ಲಿ ಸಿಗುವ ಸರಕಲ್ಲ. ಹಗುರ ವಿಮಾನಗಳ ರೋಟ್ಯಾಕ್ಸ್ ಎಂಜಿನ್ ಬಂಕಿನ ಪೆಟ್ರೋಲಿನಲ್ಲಿ ಓಡುತ್ತದೆ ಎಂದು ಮಾರುವವರು ಹೇಳುತ್ತಾರೆ, ನಿಜ. ಆದರೆ ಆ ಕಂಪನಿ ಒಪ್ಪಿರುವ ಎಥನಾಲ್ ಪ್ರಮಾಣ ಶೇ. 10. ನಮ್ಮ ಬಂಕುಗಳಲ್ಲಿ ಈಗ ಬರುತ್ತಿರುವುದು ಶೇ. 20ರದು. ಕಬ್ಬು ಮತ್ತು ನುಚ್ಚಕ್ಕಿಯಿಂದ ತೆಗೆದ ಎಥನಾಲ್ ಬೈಕಿಗೆ ಒಗ್ಗಬಹುದು. 3,000 ಅಡಿ ಮೇಲೆ ರಬ್ಬರ್ ಪೈಪ್ ಉಬ್ಬಿದರೆ ಪಕ್ಕಕ್ಕೆ ನಿಲ್ಲಿಸಲು ರಸ್ತೆ ಇರುವುದಿಲ್ಲ.

ಕಾನೂನು ಹುಡುಗರ ಉತ್ಸಾಹಕ್ಕೆ ಇದೆಲ್ಲಕ್ಕಿಂತ ದೊಡ್ಡ ಬದು. ಅಲಾಸ್ಕಾದಲ್ಲಿ ಹೊಳೆದಂಡೆಗೆ ಇಳಿದ ಹಾಗೆ ಇಲ್ಲಿ ಸ್ವಂತ ಹೊಲದಲ್ಲೂ ಮನಬಂದಂತೆ ಇಳಿಸುವಂತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ಜಿಲ್ಲಾಡಳಿತ, ಪೊಲೀಸ್ ಎಲ್ಲರ ಒಪ್ಪಿಗೆಯ ಮಾತು ಬರುತ್ತದೆ. ಹೊರದೇಶದಿಂದ ತಂದರೆ ಆಮದಿಗೆ ಅನುಮತಿ, ಭಾರತದ ವಿ.ಟಿ. ನೋಂದಣಿ, ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ವರ್ಷವರ್ಷದ ಪರಿಶೀಲನೆ. ಅಮೆರಿಕದಲ್ಲಿ ಯಾರೋ ಹಾಕಿಸಿದ ದಪ್ಪ ಟೈರು, ಬದಲಿಸಿದ ಎಂಜಿನ್ ಅಲ್ಲಿ ಒಪ್ಪಿಗೆ ಪಡೆದಿದ್ದರೂ ಅದರ ಕಾಗದ ನಮ್ಮ ಡಿಜಿಸಿಎ ಮುಂದೆ ಹೋಗಲೇಬೇಕು. ಆ ಕಾಗದ ಇಲ್ಲದ ‘ಸ್ಪೆಷಲ್’ ವಿಮಾನಕ್ಕಿಂತ ಯಾವ ಮಾರ್ಪಾಡೂ ಇಲ್ಲದ ಸಾದಾ ವಿಮಾನ ಲೇಸು.

ಸುತ್ತಲಿನ ಆಕಾಶವೂ ಖಾಲಿಯಿಲ್ಲ. ತೋರಣಗಲ್ಲಿನ ವಿದ್ಯಾನಗರದಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯವರ ವಿಮಾನ ನಿಲ್ದಾಣವಿದೆ. ಕುಡತಿನಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳಿವೆ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಹೊರಟ ಹೈಟೆನ್ಷನ್ ತಂತಿಗಳಿವೆ. ಮೇಲಿನಿಂದ ತಂತಿ ಕಾಣುವುದಿಲ್ಲ, ಗೋಪುರ ಮಾತ್ರ ಕಾಣುತ್ತದೆ. ಪಂಪ್‌ಸೆಟ್ಟಿಗೆ ಎಳೆದ ಸಣ್ಣ ಲೈನಿಗೆ ಆ ಗೋಪುರವೂ ಇಲ್ಲ. ಭತ್ತದ ಗದ್ದೆಯಿಂದ ಒಮ್ಮೆಗೇ ಏಳುವ ಬೆಳ್ಳಕ್ಕಿಯ ಹಿಂಡು ಇನ್ನೊಂದು. ಬಳ್ಳಾರಿಯಿಂದ ಸಿರುಗುಪ್ಪ ಐವತ್ತು ಚಿಲ್ಲರೆ ಕಿಲೋಮೀಟರು, ಈ ವಿಮಾನಗಳಿಗೆ ಕಾಲು ಗಂಟೆಯ ದಾರಿ. ಅಷ್ಟಕ್ಕೆ ಇಷ್ಟೆಲ್ಲ ಬೇಕೇ ಎಂದರೆ ಪ್ರಯಾಣಕ್ಕಾಗಿ ಖಂಡಿತ ಬೇಡ, ಬಸ್ಸಿದೆ. ಬೆಳೆಗೆ ಔಷಧಿ ಹೊಡೆಯಲು ಎಂದರೆ ಅದೂ ಹಳೆಯ ಮಾತು. ಎಚ್‌ಎಎಲ್ 1972ರಲ್ಲಿ ಬಸಂತ್ ಎಂಬ ಕೃಷಿ ವಿಮಾನವನ್ನೇ ಹಾರಿಸಿತ್ತು. ಆ ಕೆಲಸವನ್ನೀಗ ಡ್ರೋನ್ ಮಾಡುತ್ತಿದೆ. ಉಳಿಯುವುದು ಹಾರುವ ಆಸೆ ಒಂದೇ. ಅದು ಸಾಕಾದಷ್ಟು ಒಳ್ಳೆಯ ಕಾರಣ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕಾಸಿದ್ದು, ಹ್ಯಾಂಗರ್ ಇದ್ದು, ಗಟ್ಟಿಯಾದ ಮಸಾರಿ ಪಟ್ಟಿಗೆ ಅನುಮತಿ ಸಿಕ್ಕವರಿಗೆ ನಾನು ಹೇಳುವುದು ಸೆಸ್ನಾ 172, ಅದರಲ್ಲೂ 160ರ ಬದಲು 180 ಅಶ್ವಶಕ್ತಿಯ ಎಂಜಿನ್ ಇದ್ದು ಕಾಗದ ಸರಿಯಿರುವಂಥದ್ದು. ನಾಲ್ಕು ಸೀಟಿನಲ್ಲಿ ಇಬ್ಬರೇ ಕೂರಬೇಕು, ಟ್ಯಾಂಕು ಅರ್ಧ ತುಂಬಿಸಬೇಕು, ಎರೆ ಹೊಲದ ಹತ್ತಿರ ಹೋಗಬಾರದು. ಪ್ರಪಂಚದಲ್ಲಿ ಇದರಷ್ಟು ತಯಾರಾದ ಸಣ್ಣ ವಿಮಾನ ಇನ್ನೊಂದಿಲ್ಲ, 44,000ಕ್ಕೂ ಹೆಚ್ಚು. ಹಾಗಾಗಿ ಬಿಡಿಭಾಗವೂ ಅದನ್ನು ಬಲ್ಲ ಎಂಜಿನಿಯರೂ ಸಿಗುತ್ತಾರೆ. ಸೂಪರ್ ಕಬ್ ಇದಕ್ಕಿಂತ ಒಳ್ಳೆಯ ಹೊಲದ ವಿಮಾನ, ಅನುಮಾನವಿಲ್ಲ. ಆದರೆ ರಿಪೇರಿಗೆ ಊರೂರು ಅಲೆಯಬೇಕಾದ ಉತ್ತಮ ವಿಮಾನಕ್ಕಿಂತ ಜಕ್ಕೂರಿನಲ್ಲೇ ರಿಪೇರಿಯಾಗುವ ಮಧ್ಯಮ ವಿಮಾನ ಹೆಚ್ಚು ದಿನ ಹಾರುತ್ತದೆ. ಮುಂಗಡ ಕೊಡುವುದಕ್ಕೂ ಮೊದಲು, ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಲೈಸೆನ್ಸುಳ್ಳ ವಿಮಾನ ಎಂಜಿನಿಯರಿಗೆ ನಿಮ್ಮ ಖರ್ಚಿನಲ್ಲಿ ತೋರಿಸಿ. ವಿಮಾನವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತೂಗಿಸಿ. ಹಳೆ ವಿಮಾನಗಳು ರೇಡಿಯೊ, ಬಣ್ಣ, ರಿಪೇರಿ ಎಂದು ವರ್ಷವರ್ಷ ದಪ್ಪಗಾಗುತ್ತವೆ, ಪುಸ್ತಕದಲ್ಲಿ ಮಾತ್ರ ಹಳೆಯ ತೂಕವೇ ಇರುತ್ತದೆ.

ಉಳಿದವರಿಗೆ, ಅಂದರೆ ನನ್ನನ್ನು ಕೇಳುವ ಹುಡುಗರಲ್ಲಿ ಬಹುತೇಕರಿಗೆ, ನನ್ನ ಸಲಹೆ ಬೇರೆ. 17 ತುಂಬಿದವರು 40 ಗಂಟೆಯ ಹಾರಾಟ ಮುಗಿಸಿ ಪರೀಕ್ಷೆ ಪಾಸಾದರೆ ಖಾಸಗಿ ಪೈಲಟ್ ಲೈಸೆನ್ಸ್ ಪಡೆಯಬಹುದು. ವಿಮಾನದ ಮುಂಗಡಕ್ಕೆ ಇಟ್ಟ ದುಡ್ಡನ್ನು ಮೊದಲು ಆ 40 ಗಂಟೆಗೆ ಹಾಕಿ. ವಿಮಾನ ಆಮೇಲೂ ಸಿಗುತ್ತದೆ.